ಮಗಳ ಪಾಲಿಗೆ ಬಂದ ಐವತ್ತರ ದಶಕ

ಓದುಗರ ಪತ್ರ: ನನ್ನ ಮಗಳು ನ್ಯೂಜೆರ್ಸಿಯಲ್ಲಿ ಹನ್ನೊಂದನೇ ಕ್ಲಾಸ್ ಓದುತ್ತಿದ್ದಾಳೆ. ಇತಿಹಾಸದ ಟೀಚರ್ ಮಕ್ಕಳನ್ನು ಗುಂಪು ಮಾಡಿ, ಒಂದೊಂದು ಗುಂಪಿಗೆ ಅಮೆರಿಕದ ಒಂದೊಂದು ದಶಕ ಹಂಚಿದ್ದಾರೆ. ಆ ಕಾಲದ ಬಟ್ಟೆ, ಹಾಡು, ತಿಂಡಿ, ಮನೆ ಎಲ್ಲ ಹುಡುಕಿ ಕ್ಲಾಸಿಗೆ ತೋರಿಸಬೇಕಂತೆ. ಇವಳ ಗುಂಪಿಗೆ ಬಂದದ್ದು 1950ರ ದಶಕ. ಗೆಳತಿಯರೆಲ್ಲ ಅಗಲ ಲಂಗ ಹೊಲಿಸಿಕೊಂಡು, ಮಿಲ್ಕ್‌ಶೇಕ್ ಮಾಡಿ ತರುವ ಉತ್ಸಾಹದಲ್ಲಿದ್ದಾರೆ. ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಇವಳು, "ಅಮ್ಮ, ಆಗ ನಮ್ಮಂಥವರು ಇಲ್ಲಿ ಎಲ್ಲಿದ್ರು?" ಅಂದಳು. ನನಗೆ ಹೇಳಲು ಏನೂ ಗೊತ್ತಿರಲಿಲ್ಲ. ಇದು ಬರೀ ವೇಷ ಹಾಕುವ ಆಟ ಆಗ್ತಿದೆ ಅಲ್ವಾ? ಟೀಚರ್ ಹತ್ತಿರ ಮಾತಾಡಲೋ, ಸುಮ್ನಿರಲೋ?

ಸಂಪಾದಕರ ಉತ್ತರ:

ಮೊದಲು ಮಗಳ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ನಿಮ್ಮ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಅವಳು ಕೇಳಿದ್ದು ಅಷ್ಟು ಒಳ್ಳೆಯ ಪ್ರಶ್ನೆ.

1950ರಲ್ಲಿ ನಮ್ಮವರು ಅಲ್ಲಿದ್ದರು. ತುಂಬ ಕಡಿಮೆ ಜನ. ಹೆಚ್ಚಿನವರು ಕ್ಯಾಲಿಫೋರ್ನಿಯಾದಲ್ಲಿ ಬೇಸಾಯ ಮಾಡಿಕೊಂಡಿದ್ದ ಪಂಜಾಬಿಗಳು. ಅವರಲ್ಲಿ ಒಬ್ಬರ ಕಥೆಯನ್ನು ನಿಮ್ಮ ಮಗಳಿಗೆ ಹೇಳಿ. ಹೆಸರು ದಲೀಪ್ ಸಿಂಗ್ ಸೌಂದ್. 1920ರಲ್ಲಿ ಓದಲು ಅಮೆರಿಕಕ್ಕೆ ಹೋದರು. 1924ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ಅಷ್ಟು ಓದಿದ ಮನುಷ್ಯ ಕೊನೆಗೆ ಇಂಪೀರಿಯಲ್ ಕಣಿವೆಯಲ್ಲಿ ಹೊಲದ ಕೆಲಸಕ್ಕೆ ಇಳಿಯಬೇಕಾಯಿತು.

ಯಾಕೆ ಅಂತ ಅವಳು ಕೇಳಿಯೇ ಕೇಳುತ್ತಾಳೆ. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತ್ತು. ಕೇಸು ಭಗತ್ ಸಿಂಗ್ ಥಿಂಡ್ ಎಂಬವರದು. ಮೊದಲನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಇದ್ದವರು. ಭಾರತೀಯರು ಕಾನೂನಿನ ಲೆಕ್ಕದಲ್ಲಿ ಬಿಳಿಯರಲ್ಲ, ಆದ್ದರಿಂದ ಪೌರತ್ವ ಇಲ್ಲ ಎಂದಿತು ಕೋರ್ಟು. ಆಗಲೇ ಪೌರತ್ವ ಸಿಕ್ಕಿದ್ದ ಕೆಲವರಿಂದ ಅದನ್ನು ವಾಪಸ್ ಕಿತ್ತುಕೊಂಡರು. ಪೌರತ್ವಕ್ಕೆ ಅರ್ಹರಲ್ಲದವರು ಕ್ಯಾಲಿಫೋರ್ನಿಯಾದಲ್ಲಿ ಸಾಗುವಳಿ ಭೂಮಿಯನ್ನೂ ಕೊಳ್ಳುವಂತಿರಲಿಲ್ಲ. ಇದೆಲ್ಲ ನಡೆದದ್ದು ಜಾಝ್ ಸಂಗೀತದ, ಕುಣಿತದ, ಹೊಸ ಕಾರುಗಳ ಇಪ್ಪತ್ತರ ದಶಕದಲ್ಲೇ.

1946ರಲ್ಲಿ ಕಾನೂನು ಬದಲಾಯಿತು. ಭಾರತೀಯರು ಪೌರತ್ವ ಪಡೆಯಬಹುದು, ವರ್ಷಕ್ಕೆ 100 ಜನ ಬರಬಹುದು ಅಂತಾಯಿತು. ಇಡೀ ದೇಶಕ್ಕೆ ನೂರು ಜನ! ಸೌಂದ್ 1949ರಲ್ಲಿ ಅಮೆರಿಕದ ಪೌರರಾದರು. ಮರುವರ್ಷ ವೆಸ್ಟ್‌ಮೋರ್‌ಲ್ಯಾಂಡ್ ಎಂಬ ಊರಿನ ನ್ಯಾಯಾಧೀಶರ ಚುನಾವಣೆಗೆ ನಿಂತು ಗೆದ್ದರು. ಪೌರರಾಗಿ ಒಂದು ವರ್ಷ ತುಂಬಿಲ್ಲ ಎಂದು ಆ ಗೆಲುವನ್ನು ರದ್ದು ಮಾಡಿದರು. 1952ರಲ್ಲಿ ಮತ್ತೆ ನಿಂತರು, ಮತ್ತೆ ಗೆದ್ದರು. 1956ರಲ್ಲಿ ಅಮೆರಿಕದ ಸಂಸತ್ತಿಗೇ ಆಯ್ಕೆಯಾದರು. ಅಲ್ಲಿನ ಕೆಳಮನೆಗೆ ಆರಿಸಿ ಬಂದ ಏಷ್ಯಾ ಮೂಲದ ಮೊದಲ ಅಮೆರಿಕನ್ ಅವರು. ನಿಮ್ಮ ಮಗಳ ಪಾಲಿಗೆ ಬಂದ ದಶಕದಲ್ಲೇ ಇದು ನಡೆಯಿತು ನೋಡಿ.

ಕನ್ನಡದವರು ಬೇಕು ಅಂದರೂ ಅದೇ ದಶಕದ ಕೊನೆಯಲ್ಲಿ ಒಬ್ಬರಿದ್ದಾರೆ. ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ 1959ರಲ್ಲಿ ಇಂಡಿಯಾನಾಕ್ಕೆ ಭಾಷಾಶಾಸ್ತ್ರ ಓದಲು ಹೋದರು. ಆಮೇಲೆ ಶಿಕಾಗೋದಲ್ಲಿ ಮೇಷ್ಟ್ರಾದರು. ಅಲ್ಲಿದ್ದುಕೊಂಡೇ ನಮ್ಮ ವಚನಗಳನ್ನು ಇಂಗ್ಲಿಷಿಗೆ ತಂದರು. ನಿಮ್ಮಂಥ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ಹೋಗಲು ಸಾಧ್ಯವಾದದ್ದು 1965ರ ವಲಸೆ ಕಾನೂನು ಬಂದ ಮೇಲೆ.

ಈಗ ನಿಮ್ಮ ಪ್ರಶ್ನೆ. ವೇಷದ ಬಗ್ಗೆ ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ. ಹದಿನಾರು ಹದಿನೇಳರ ಹುಡುಗಿ ಲಂಗದ ಮೂಲಕ ಇತಿಹಾಸದ ಒಳಗೆ ಹೋದರೆ ತಪ್ಪೇನಿಲ್ಲ. ಹಾಕಿಕೊಳ್ಳಲಿ. ಹಾಕಿಕೊಂಡ ಮೇಲೆ, ಈ ಬಟ್ಟೆ ಯಾರ ಮನೆಯದು, ಇದನ್ನು ಒಗೆದವರು ಯಾರು, ಇಸ್ತ್ರಿ ಮಾಡಿದವರು ಯಾರು ಅಂತ ಕೇಳಲಿ. ಒಂದೇ ದಶಕ ಎಲ್ಲರ ಮನೆಗೂ ಒಂದೇ ದಿನ ಬರುವುದಿಲ್ಲ. ನಾನು ಅವಳಿಗೆ ಹೇಳಬೇಕು ಅಂದುಕೊಂಡಿರುವುದು ಇದೊಂದೇ ಮಾತು.

ಇಸ್ತ್ರಿಯದ್ದೇ ನೋಡಿ. ಇಪ್ಪತ್ತರ ದಶಕ ಅಂದರೆ ಝಗಮಗಿಸುವ ನಗರ ಎಂದು ಪುಸ್ತಕದಲ್ಲಿ ಚಿತ್ರ ಇರುತ್ತದೆ. ಆದರೆ 1930ರ ದಶಕದ ನಡುವೆ ಕೂಡ ಅಮೆರಿಕದ ಹಳ್ಳಿಗಾಡಿನಲ್ಲಿ ಹತ್ತು ತೋಟದ ಮನೆಗಳಲ್ಲಿ ಒಂದಕ್ಕೆ ಮಾತ್ರ ಕರೆಂಟ್ ಇತ್ತು. ಟೆಕ್ಸಾಸ್‌ನ ಗುಡ್ಡಗಾಡಿನ ಹೆಂಗಸರು ಬಾವಿಯಿಂದ ನೀರು ಹೊತ್ತು ಸೋಮವಾರ ಬಟ್ಟೆ ಒಗೆಯುತ್ತಿದ್ದರು. ಮಂಗಳವಾರ ಇಸ್ತ್ರಿ. ಉರಿಬಿಸಿಲಿನ ಕಾಲದಲ್ಲೂ ಸೌದೆ ಒಲೆ ಹೊತ್ತಿಸಬೇಕು. ಅದರ ಮೇಲೆ ಎರಡು ಮೂರು ಕಬ್ಬಿಣದ ಪೆಟ್ಟಿಗೆ ಕಾಯಿಸಬೇಕು. ಒಂದು ಆರುವಷ್ಟರಲ್ಲಿ ಇನ್ನೊಂದನ್ನು ಬಟ್ಟೆಯಲ್ಲಿ ಹಿಡಿದು ಎತ್ತಬೇಕು. ಒಲೆಯ ಮಸಿ ಹತ್ತಿತೋ, ಬಿಳಿ ಅಂಗಿ ಮತ್ತೆ ಒಗೆಯಲು ಹೋಯಿತು. ಸರ್ಕಾರ 1935ರಲ್ಲಿ ಹಳ್ಳಿಗಳಿಗೆ ಕರೆಂಟ್ ಕೊಡಲು ಒಂದು ಇಲಾಖೆಯನ್ನೇ ಮಾಡಿತು. ರೈತರ ಸಹಕಾರ ಸಂಘಗಳಿಗೆ ಸಾಲ ಕೊಟ್ಟು ತಂತಿ ಎಳೆಸಿತು. ಎಷ್ಟೋ ಮನೆಗಳಿಗೆ ಇಪ್ಪತ್ತರ ದಶಕದ ಬೆಳಕು ಬಂದದ್ದು ನಲವತ್ತರಲ್ಲಿ.

ಬಟ್ಟೆಯ ಮಾತು ಬಂದಾಗ ಇನ್ನೊಂದು ನೆನಪಾಗುತ್ತದೆ. ಮೂವತ್ತರ ದಶಕದ ಕಷ್ಟಕಾಲದಲ್ಲಿ ಹಿಟ್ಟು, ಕೋಳಿಮೇವು ಬರುತ್ತಿದ್ದ ಹತ್ತಿಯ ಚೀಲಗಳನ್ನು ಬಿಚ್ಚಿ ಹೆಂಗಸರು ಫ್ರಾಕು ಹೊಲಿಯುತ್ತಿದ್ದರು. ಇದನ್ನು ಕಂಡ ಕಂಪನಿಗಳು ಚೀಲದ ಮೇಲೆ ಹೂವಿನ ಚಿತ್ತಾರ ಹಾಕಿ ಮಾರತೊಡಗಿದವು. ಹೆಸರು ಅಚ್ಚು ಹಾಕಲು ಒಗೆದರೆ ಹೋಗುವ ಶಾಯಿ ಬಳಸಿದವು. ಹಳೇ ಸೀರೆಯಲ್ಲಿ ಕೌದಿ ಹೊಲಿದ ಮನೆಗಳಿಂದ ಬಂದ ನಮಗೆ ಇದನ್ನು ಬಿಡಿಸಿ ಹೇಳುವುದೇ ಬೇಡ. ಮೂವತ್ತರ ದಶಕದ ಗುಂಪಿನ ಮಕ್ಕಳಿಗೆ ಇದನ್ನು ಹೇಳಲಿ, ಖುಷಿಪಡುತ್ತಾರೆ.

ಐವತ್ತರ ದಶಕದಲ್ಲಿ ಟಿ.ವಿ. ಬಂತು ಅನ್ನುವುದು ಎಲ್ಲರಿಗೂ ಗೊತ್ತು. 1950ರಲ್ಲಿ ಹತ್ತು ಮನೆಗೆ ಒಂದೂ ಇರಲಿಲ್ಲ, 1960ಕ್ಕೆ ಹತ್ತರಲ್ಲಿ ಸುಮಾರು ಒಂಬತ್ತು ಮನೆಯಲ್ಲಿತ್ತು. ಅದು ಯಾವ ಮನೆ ಅನ್ನುವುದನ್ನು ನೋಡಬೇಕು. ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡ್‌ನಲ್ಲಿ 1947ರಿಂದ ಲೆವಿಟ್‌ಟೌನ್ ಎಂಬ ಬಡಾವಣೆ ಕಟ್ಟಿದರು. ಒಂದೇ ಥರದ ಸಾವಿರಾರು ಮನೆಗಳು, ಮುಂದೆ ಹುಲ್ಲು, ಅಡುಗೆಮನೆಯಲ್ಲಿ ಫ್ರಿಜ್. ಎರಡನೇ ಮಹಾಯುದ್ಧದಿಂದ ಬಂದ ಸೈನಿಕರಿಗೆ ಸುಲಭ ಸಾಲ ಸಿಗುತ್ತಿತ್ತು. ಆದರೆ ಮೊದಮೊದಲ ಕರಾರುಪತ್ರದಲ್ಲಿ, ಬಿಳಿಯರಲ್ಲದವರು ಇಲ್ಲಿ ವಾಸ ಮಾಡುವಂತಿಲ್ಲ ಎಂದು ಬರೆದೇ ಇತ್ತು. ಅದೇ ಯುದ್ಧದಲ್ಲಿ ಹೋರಾಡಿ ಬಂದ ಕಪ್ಪು ಸೈನಿಕರಿಗೆ ಬಾಗಿಲು ಮುಚ್ಚಿತ್ತು. ಕಪ್ಪು ಕುಟುಂಬವೊಂದು ಕಾರು ಕೊಂಡರೂ, ದಾರಿಯಲ್ಲಿ ಎಲ್ಲಿ ಊಟ ಹಾಕುತ್ತಾರೆ, ಎಲ್ಲಿ ರೂಮು ಕೊಡುತ್ತಾರೆ ಎಂದು ಮೊದಲೇ ತಿಳಿದುಕೊಂಡು ಹೊರಡಬೇಕಿತ್ತು. ನ್ಯೂಯಾರ್ಕಿನ ಹಾರ್ಲೆಮ್‌ನ ಒಬ್ಬ ಅಂಚೆಯಣ್ಣ 1936ರಲ್ಲಿ ಅಂಥ ಜಾಗಗಳ ಪಟ್ಟಿ ಮಾಡಿ ಪುಸ್ತಕ ಅಚ್ಚು ಹಾಕಿಸಿದ. ಯುದ್ಧದ ಕೆಲವು ವರ್ಷ ಬಿಟ್ಟರೆ ಅದು ಸುಮಾರು ಮೂವತ್ತು ವರ್ಷ ಬರುತ್ತಿತ್ತು.

ಮಿಲ್ಕ್‌ಶೇಕ್ ಕೊಡುತ್ತಿದ್ದ ಉದ್ದನೆಯ ಕೌಂಟರ್‌ಗಳೂ ಹಾಗೇ. 1960ರ ಫೆಬ್ರವರಿ 1ರಂದು ನಾರ್ತ್ ಕ್ಯಾರೊಲಿನಾದ ಗ್ರೀನ್ಸ್‌ಬರೋದಲ್ಲಿ ನಾಲ್ಕು ಕಪ್ಪು ಕಾಲೇಜು ಹುಡುಗರು ವುಲ್‌ವರ್ತ್ ಅಂಗಡಿಗೆ ಹೋದರು. ಟೂತ್‌ಪೇಸ್ಟು ಅದೂ ಇದೂ ಕೊಂಡು ರಸೀದಿ ಇಟ್ಟುಕೊಂಡರು. ಆಮೇಲೆ ಅದೇ ಅಂಗಡಿಯ ತಿಂಡಿ ಕೌಂಟರ್‌ನಲ್ಲಿ ಕೂತು ಕಾಫಿ ಕೇಳಿದರು. ಅಲ್ಲಿ ದುಡ್ಡು ತೆಗೆದುಕೊಂಡಿರಿ, ಇಲ್ಲಿ ಯಾಕೆ ಕೊಡಲ್ಲ ಎಂಬುದು ಅವರ ಪ್ರಶ್ನೆ. ಅಂಗಡಿ ಮುಚ್ಚುವವರೆಗೆ ಎದ್ದೇಳಲಿಲ್ಲ. ಮರುದಿನ ಇನ್ನಷ್ಟು ಜನ ಬಂದರು. ಜುಲೈ ಹೊತ್ತಿಗೆ ಅಂಗಡಿಯವರು ಮಣಿದರು. ಆ ಕೌಂಟರ್‌ನ ಒಂದು ತುಂಡು ಈಗ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ, ಕುರ್ಚಿಗಳ ಸಮೇತ. ನ್ಯೂಜೆರ್ಸಿಯಿಂದ ಅಷ್ಟೇನೂ ದೂರ ಇಲ್ಲ. ಒಂದು ಶನಿವಾರ ಕರಕೊಂಡು ಹೋಗಿ.

ಇನ್ನು ಟೀಚರ್ ಹತ್ತಿರ ಹೋಗುವ ವಿಷಯ. ಖಂಡಿತ ಹೋಗಿ, ಆದರೆ ದೂರು ಹೇಳಲು ಬೇಡ. ನಾನೊಂದು ಕೆಲಸ ಹೇಳುತ್ತೇನೆ, ಅದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ. ಅಮೆರಿಕದ ಜನಗಣತಿಯ ಹಾಳೆಗಳನ್ನು 72 ವರ್ಷ ಮುಚ್ಚಿಟ್ಟು ಆಮೇಲೆ ಎಲ್ಲರಿಗೂ ತೆರೆಯುತ್ತಾರೆ. 1950ರ ಹಾಳೆಗಳು 2022ರಲ್ಲಿ ತೆರೆದವು. ಸರ್ಕಾರದ ಹಳೇ ದಾಖಲೆ ಕಾಪಾಡುವ ನ್ಯಾಷನಲ್ ಆರ್ಕೈವ್ಸ್‌ನವರು ಅವನ್ನು ಆನ್‌ಲೈನ್‌ನಲ್ಲಿ ಪುಕ್ಕಟೆ ಇಟ್ಟಿದ್ದಾರೆ. ನಿಮ್ಮ ಊರಿನ ಒಂದು ಬೀದಿ ಹಿಡಿಯಿರಿ. ನಿಮ್ಮ ಬಡಾವಣೆ ಆಗ ಇರದಿದ್ದರೆ ಪಕ್ಕದ ಹಳೇ ಪೇಟೆಯ ಬೀದಿಯಾದರೂ ಸರಿ. ಅದೇ ಬೀದಿಯನ್ನು 1920, 1930, 1940, 1950ರ ಗಣತಿಯಲ್ಲಿ ಹುಡುಕಲಿ. ಒಂದೊಂದು ಗುಂಪು ಒಂದೊಂದು ಗಣತಿ ತೆಗೆದುಕೊಂಡರೆ ಇಡೀ ಕ್ಲಾಸು ಒಂದೇ ಬೀದಿಯಲ್ಲಿ ಮೂವತ್ತು ವರ್ಷ ನಡೆದಂತೆ ಆಗುತ್ತದೆ.

ಹಾಳೆ ನೋಡುವಾಗ ಕೆಲವು ಕಡೆ ನಿಲ್ಲಲು ಹೇಳಿ. 1930ರ ಗಣತಿಯಲ್ಲಿ ಮನೆಯಲ್ಲಿ ರೇಡಿಯೋ ಇದೆಯಾ ಎಂಬ ಕಾಲಂ ಇದೆ. ಇದ್ದರೆ 'ಆರ್' ಎಂದು ಬರೆದಿರುತ್ತಾರೆ. ಯಾವ ಮನೆಯಲ್ಲಿ ಇತ್ತು, ಯಾವ ಮನೆಯಲ್ಲಿ ಇರಲಿಲ್ಲ, ಆ ಮನೆಯವರು ಏನು ಕೆಲಸ ಮಾಡುತ್ತಿದ್ದರು, ಬಾಡಿಗೆ ಎಷ್ಟು, ಎಲ್ಲ ಒಂದೇ ಸಾಲಿನಲ್ಲಿ ಸಿಗುತ್ತದೆ. ಜನಾಂಗದ ಕಾಲಂ ನೋಡಲಿ. 1920ರಿಂದ 1940ರವರೆಗಿನ ಮೂರು ಗಣತಿಗಳಲ್ಲಿ ಭಾರತದಿಂದ ಬಂದವರನ್ನು, ಸಿಖ್ಖರಿರಲಿ ಮುಸ್ಲಿಮರಿರಲಿ, 'ಹಿಂದೂ' ಎಂಬ ಜನಾಂಗಕ್ಕೆ ಸೇರಿಸುವ ನಿಯಮ ಇತ್ತು. ಇದು ನಿಮ್ಮ ಮಗಳಿಗೆ ಆಶ್ಚರ್ಯ ಆಗಬಹುದು, ಸ್ವಲ್ಪ ಸಿಟ್ಟೂ ಬರಬಹುದು. ಬರಲಿ.

1950ರ ಹಾಳೆಯಲ್ಲಿ, ಕಳೆದ ವಾರ ಹೆಚ್ಚಿನ ಸಮಯ ಏನು ಮಾಡುತ್ತಿದ್ದಿರಿ ಎಂಬ ಪ್ರಶ್ನೆ ಇದೆ. ಕೆಲಸಕ್ಕೆ ಹೋಗುವವರಿಗೆ 'ಡಬ್ಲ್ಯು ಕೆ'. ಮನೆ ನೋಡಿಕೊಳ್ಳುವವರಿಗೆ 'ಎಚ್'. ನಿಮ್ಮ ಪತ್ರ ಬಂದ ಮೇಲೆ ನಾನೂ ಒಂದು ಹಾಳೆ ತೆರೆದು ಕೂತೆ. ಹೆಂಡತಿಯರ ಹೆಸರಿನ ಮುಂದೆ ಎಚ್, ಎಚ್, ಎಚ್ ಎಂದು ಕೆಳಗಿನವರೆಗೂ ಇಳಿದಿತ್ತು. ಒಗೆದದ್ದು, ಬೇಯಿಸಿದ್ದು, ಹೆತ್ತದ್ದು, ಸಾಕಿದ್ದು, ಎಲ್ಲಕ್ಕೂ ಅದೊಂದೇ ಅಕ್ಷರ. ಆ ಅಗಲ ಲಂಗದವರು ಇವರೇ. ಇವರ ಹೆಣ್ಣುಮಕ್ಕಳು ಬ್ಯಾಂಕಿಗೆ ಹೋದರೆ ಗಂಡನ ಸಹಿ ತನ್ನಿ ಎನ್ನುವುದು ಮಾಮೂಲಿಯಾಗಿತ್ತು. ಹೆಣ್ಣು, ಮದುವೆಯಾದವಳು ಎಂಬ ಕಾರಣಕ್ಕೆ ಸಾಲ ನಿರಾಕರಿಸಬಾರದು ಎಂಬ ಕಾನೂನು ಬಂದದ್ದು 1974ರಲ್ಲಿ. ಎಪ್ಪತ್ತರ ದಶಕದ ಗುಂಪಿನವರು ಇದನ್ನು ಬಿಡಬಾರದು.

ಮಗಳು ಲಂಗ ಹಾಕಿಕೊಂಡೇ ನಿಂತು ಮಾತಾಡಲಿ. ಒಂದು ಕೈಯಲ್ಲಿ ಆ ಬೀದಿಯ 1950ರ ಹಾಳೆ ಇರಲಿ, ಇನ್ನೊಂದರಲ್ಲಿ ಸೌಂದ್ ಅವರ ಫೋಟೋ. ಏನೇನು ಸಿಕ್ಕಿತು ಎಂದು ಅವಳೇ ನಮಗೆ ಬರೆಯಲಿ. ಕನ್ನಡದಲ್ಲಿ ಬರೆಯಲು ಕಷ್ಟವಾದರೆ ಅವಳು ಹೇಳಲಿ, ನೀವು ಬರೆದುಕೊಳ್ಳಿ. ಬರುವ ಸಂಚಿಕೆಯಲ್ಲಿ ಒಂದು ಪುಟ ಅವಳಿಗಾಗಿ ಬಿಟ್ಟಿರುತ್ತೇವೆ.

ಸಂಪಾದಕ