ಕಾಯಿಲೆಯೇ ಇಲ್ಲದ ಕಡೆ ಬಲೆ ಯಾಕೆ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ನುಸಿ (ರಕ್ತ ಹೀರಿ ರೋಗ ಹರಡುವ ಪುಟ್ಟ ಕೀಟ) ಹಿಡಿದು ಎಣಿಸುವವರ ಬಗ್ಗೆ ಎರಡು ಪುಟ ಬರೆದಿದ್ದೀರಿ. ಕಾಯಿಲೆಯೇ ಇಲ್ಲದ ಕಡೆ ಬಲೆ ಇಟ್ಟು ಏನು ಪ್ರಯೋಜನ? ಆ ದುಡ್ಡನ್ನು ಲಸಿಕೆಗೆ ಹಾಕಬಾರದೇ?

ಸಂಪಾದಕರ ಉತ್ತರ: ಲಸಿಕೆ ಬೇಕು, ತಕರಾರಿಲ್ಲ. ಆದರೆ ಹೆಸರೇ ಇಲ್ಲದ ವೈರಸ್‌ಗೆ ಯಾವ ಲಸಿಕೆ ಮಾಡ್ತೀರಿ, ಹೇಳಿ?

2011ರಲ್ಲಿ ಜರ್ಮನಿಯ ಹಸುಗಳಿಗೆ ಜ್ವರ ಬಂತು, ಹಾಲು ಇಳಿಯಿತು. ಗೊತ್ತಿದ್ದ ರೋಗ ಯಾವುದೂ ಅಲ್ಲ. ನವೆಂಬರಿನಲ್ಲಿ ಅಲ್ಲಿನ ಪ್ರಾಣಿರೋಗ ಸಂಶೋಧನೆಯ ಫ್ರೀಡ್ರಿಶ್ ಲೋಫ್ಲರ್ ಸಂಸ್ಥೆಯವರು ಹೊಸ ವೈರಸ್ ಪತ್ತೆ ಮಾಡಿ, ಮಾದರಿ ಬಂದ ಊರಿನ ಹೆಸರನ್ನೇ ಇಟ್ಟರು: ಶ್ಮಾಲೆನ್‌ಬರ್ಗ್. ಆಮೇಲೆ ಕಾಲು ಸೊಟ್ಟಗಿರುವ ಕುರಿಮರಿಗಳು ಹುಟ್ಟತೊಡಗಿದವು. ಇದನ್ನು ಹರಡಿದ್ದು ಯಾರು? ಡೆನ್ಮಾರ್ಕಿನಲ್ಲಿ ಅಕ್ಟೋಬರಿನಲ್ಲೇ ಹಿಡಿದಿಟ್ಟ ನುಸಿಗಳಿದ್ದವು. ಪರೀಕ್ಷಿಸಿದರೆ ಒಳಗೆ ಅದೇ ವೈರಸ್! ಅವನ್ನು ಹಿಡಿದ ದಿನ ಆ ವೈರಸ್‌ಗೆ ಹೆಸರೂ ಇರಲಿಲ್ಲ. ಆ ದಿನ ನೀವು ಅಲ್ಲಿದ್ದಿದ್ದರೆ ನುಸಿ ಚೆಲ್ಲಿ ಬಾಟಲಿ ತೊಳೆದಿಡಿ ಅಂತಿದ್ರಿ, ಅಲ್ವಾ?

ಕೆಲಸ ಸುಲಭದ್ದಲ್ಲ. ಸಂಜೆ ಕೊಟ್ಟಿಗೆ ಪಕ್ಕ ನೇರಳಾತೀತ ದೀಪ, ಅದರಡಿ ಪುಟ್ಟ ಫ್ಯಾನು, ಅದರಡಿ ಬಾಟಲಿ. ಬೆಳಿಗ್ಗೆ ನೋಡಿದರೆ ಮಸಿ ಉದುರಿದ ಹಾಗೆ. ಅದರಲ್ಲಿ ಒಂದರಿಂದ ಮೂರು ಮಿಲಿಮೀಟರಿನ ನುಸಿ ಹೆಕ್ಕಬೇಕು, ರೆಕ್ಕೆಯ ಮಚ್ಚೆ ನೋಡಿ ಜಾತಿ ಹೇಳಬೇಕು. ನಾನೊಮ್ಮೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತಿದ್ದೆ. ಹತ್ತು ನಿಮಿಷಕ್ಕೆ ಕತ್ತು ಹಿಡಿಯಿತು. ಪಕ್ಕದಲ್ಲಿದ್ದ ಹುಡುಗಿ, "ಇದರ ಹೊಟ್ಟೆ ನೋಡಿ ಸಾರ್, ಕೆಂಪಗಿದೆ" ಅಂದಳು. ಹಿಂದೆ ಒಮ್ಮೆ ರಕ್ತ ಹೀರಿ ಮೊಟ್ಟೆ ಇಟ್ಟ ಹೆಣ್ಣಿನ ಗುರುತಂತೆ ಅದು. ವೈರಸ್ ಹುಡುಕುವುದು ಅಂಥವುಗಳಲ್ಲಿ. ಗಂಡು ಪಾಪ, ಕಚ್ಚುವುದೇ ಇಲ್ಲ.

ದೀಪದ ಆಟವೂ ಎಲ್ಲ ಕಡೆ ನಡೆಯಲ್ಲ. ಮನುಷ್ಯರಿಗೆ ಜ್ವರ ತರುವ ಒರೊಪುಶ್ ವೈರಸ್ ಹರಡುವ ದಕ್ಷಿಣ ಅಮೆರಿಕದ ನುಸಿ ಹಗಲಲ್ಲೇ ಕಚ್ಚುತ್ತದೆ, ಕೊಳೆತ ಬಾಳೆಬುಡದಲ್ಲಿ ಮರಿ ಮಾಡುತ್ತದೆ. ಆ ವೈರಸ್ 1955ರಲ್ಲೇ ಟ್ರಿನಿಡಾಡ್‌ನಲ್ಲಿ ಸಿಕ್ಕಿತ್ತು. ಜನ ಬೆಚ್ಚಿಬಿದ್ದದ್ದು 2024ರಲ್ಲಿ, ಬ್ರೆಜಿಲ್‌ನಲ್ಲಿ ಅದರಿಂದ ಇಬ್ಬರು ಹೆಣ್ಣುಮಕ್ಕಳು ಸತ್ತ ಮೇಲೆ.

ನನ್ನ ಸಿಟ್ಟು ನಿಮ್ಮ ಮೇಲಲ್ಲ. ನೀವು ಓದಿ ಪತ್ರವನ್ನಾದರೂ ಬರೆದಿರಿ. ರೋಗ ಬಂದಾಗ ದುಡ್ಡು ಸುರಿದು, ಹೋದ ಕೂಡಲೇ ಬಲೆಯನ್ನು ಮೂಲೆಗೆಸೆಯುತ್ತಾರಲ್ಲ, ಅವರ ಮೇಲೆ. ರೆಕ್ಕೆಯ ಮಚ್ಚೆ ಓದಬಲ್ಲವರು ನಿವೃತ್ತರಾದರೆ ಕುರ್ಚಿ ಹಾಗೇ ಖಾಲಿ. ನಾವು ಪತ್ರಿಕೆಯವರೇನು ಕಮ್ಮಿಯಾ? "ಈ ವಾರ ಏನೂ ಸಿಗಲಿಲ್ಲ" ಅನ್ನುವ ವರದಿಯನ್ನು ನಾನೇ ಎಷ್ಟು ಸಲ ಪಕ್ಕಕ್ಕಿಟ್ಟಿದ್ದೇನೋ. ಆ ಎರಡು ಪುಟ ಅಚ್ಚಾಗಿದ್ದು ಕೂಡ, ಸುಳ್ಳು ಯಾಕೆ ಹೇಳಲಿ, ಕೊನೇ ಗಳಿಗೆಯಲ್ಲಿ ಒಂದು ಜಾಹೀರಾತು ಕೈಕೊಟ್ಟಿದ್ದರಿಂದ.