‘ಹಂಗಾಮಿ’ ಎಂದರೆ ಬೇಸರವೇಕೆ, ಗುರುಗಳೇ?

(ಜಮಖಂಡಿಯ ನಿವೃತ್ತ ಮಾಸ್ತರರೊಬ್ಬರ ಪತ್ರದ ಸಾರ: 1963ರಲ್ಲಿ ಕೆನಡಿ ಹತ್ಯೆಯಾದ ದಿನವೇ ಉಪಾಧ್ಯಕ್ಷ ಜಾನ್ಸನ್ ಪೂರ್ಣ ಅಧ್ಯಕ್ಷರಾದರು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. 1977ರಲ್ಲಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ನಮ್ಮ ಸಾವಳಗಿಯ ಬಿ.ಡಿ. ಜತ್ತಿಯವರು ಐದು ತಿಂಗಳಿಗೂ ಹೆಚ್ಚು ರಾಷ್ಟ್ರಪತಿಯ ಕೆಲಸ ನೋಡಿದರು. ಅವರಿಗೆ ಮಾತ್ರ ‘ಹಂಗಾಮಿ’ ಎಂಬ ಬಾಲ ಯಾಕೆ? ಇನ್ನೊಂದು ಮಾತು: ಕೊಲೆಯಿಂದ ಕುರ್ಚಿ ಸಿಕ್ಕವನನ್ನು ಜನ ನಂಬುವುದಾದರೂ ಹೇಗೆ?)

ಗುರುಗಳೇ, ಹಂಗಾಮಿ ಎಂದರೆ ರಜೆಯ ಮೇಲೆ ಹೋದವರ ಜಾಗಕ್ಕೆ ಬಂದ ಬದಲಿ ಮಾಸ್ತರನ ಹಾಗೆ ಕೇಳಿಸುತ್ತದೆ, ಒಪ್ಪಿದೆ. ಆದರೆ ಜತ್ತಿಯವರ ಅಧಿಕಾರಕ್ಕೆ ಕೊರತೆಯೇನೂ ಇರಲಿಲ್ಲ. ಸಂವಿಧಾನದ 65ನೇ ವಿಧಿ ರಾಷ್ಟ್ರಪತಿಯ ಎಲ್ಲ ಅಧಿಕಾರವನ್ನೂ ಅವರ ಕೈಗಿಟ್ಟಿತ್ತು. ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸುವ ಆದೇಶಕ್ಕೆ ಅವರು ಕೂಡಲೇ ಸಹಿ ಹಾಕದೆ ಜನತಾ ಸರ್ಕಾರವನ್ನು ಕಾಯಿಸಿದ್ದು ನಿಮಗೆ ನೆನಪಿರಬೇಕು. ಆರು ತಿಂಗಳೊಳಗೆ ಹೊಸ ರಾಷ್ಟ್ರಪತಿಯನ್ನು ಆರಿಸಲೇಬೇಕು ಎಂಬ ನಿಯಮ ಇರುವುದರಿಂದ ಆ ಬಾಲ, ಅಷ್ಟೆ.

ಅಮೆರಿಕದ ಸಂವಿಧಾನ ಬರೆದವರು ಈ ವಿಷಯದಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದರು. ಅಧ್ಯಕ್ಷ ಸತ್ತರೆ ಅಥವಾ ಅಶಕ್ತನಾದರೆ ‘ಅದು’ ಉಪಾಧ್ಯಕ್ಷನಿಗೆ ಸೇರುತ್ತದೆ ಎಂದರೇ ಹೊರತು, ಅದು ಎಂದರೆ ಪದವಿಯೋ ಬರೀ ಕೆಲಸವೋ ಎಂದು ಬಿಡಿಸಿ ಹೇಳಲಿಲ್ಲ. 1841ರಲ್ಲಿ ಹ್ಯಾರಿಸನ್ ಕಾಯಿಲೆಯಿಂದ ಸತ್ತಾಗ ಉಪಾಧ್ಯಕ್ಷ ಜಾನ್ ಟೈಲರ್ ಪದವಿಯೇ ನನ್ನದು ಎಂದು ಕೂತುಬಿಟ್ಟರು. ‘ಹಂಗಾಮಿ ಅಧ್ಯಕ್ಷರಿಗೆ’ ಎಂದು ವಿಳಾಸ ಬರೆದ ಕಾಗದಗಳನ್ನು ಒಡೆಯದೆಯೇ ವಾಪಸ್ ಕಳಿಸುತ್ತಿದ್ದರಂತೆ. (ನಿಮಗೆ ಮೆಚ್ಚುಗೆಯಾಗುವ ಮನುಷ್ಯ!) ಅದೇ ರೂಢಿಯಾಯಿತು. ಅಕ್ಷರದಲ್ಲಿ ಬಂದದ್ದು 1967ರ 25ನೇ ತಿದ್ದುಪಡಿಯಿಂದ, ಜಾನ್ಸನ್ ಡಲ್ಲಾಸ್‌ನಲ್ಲಿ ವಿಮಾನದೊಳಗೆ ಪ್ರಮಾಣವಚನ ಸ್ವೀಕರಿಸಿ ಮೂರು ವರ್ಷ ಕಳೆದ ಮೇಲೆ.

ಆ ‘ಹಂಗಾಮಿ’ ಇಲ್ಲದಿದ್ದರೆ ಏನಾಗುತ್ತದೆ ಎಂಬುದು 1881ರಲ್ಲಿ ಗೊತ್ತಾಯಿತು. ಜುಲೈ 2ರಂದು ವಾಷಿಂಗ್ಟನ್‌ನ ರೈಲು ನಿಲ್ದಾಣದಲ್ಲಿ ಚಾರ್ಲ್ಸ್ ಗಿಟೋ ಎಂಬವನು ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡು ಹಾರಿಸಿದ. ಅವರು ಒಡನೆ ಸಾಯಲಿಲ್ಲ, 79 ದಿನ ನರಳಿದರು. ಅಷ್ಟೂ ದಿನ ದೇಶಕ್ಕೆ ಯಜಮಾನನಿಲ್ಲ. ಉಪಾಧ್ಯಕ್ಷ ಚೆಸ್ಟರ್ ಆರ್ಥರ್ ಕೆಲಸ ವಹಿಸಿಕೊಳ್ಳಬಹುದಿತ್ತಲ್ಲ ಎನ್ನುತ್ತೀರಿ. ಟೈಲರ್ ಹಾಕಿಕೊಟ್ಟ ಮೇಲ್ಪಂಕ್ತಿಯ ಪ್ರಕಾರ ಒಮ್ಮೆ ಕೂತರೆ ಪದವಿಯೇ ಅವರದು. ನಾಳೆ ಗಾರ್ಫೀಲ್ಡ್ ಎದ್ದು ಬಂದರೆ ಅವರ ಗತಿ? ಮಂತ್ರಿಗಳಲ್ಲೇ ಒಮ್ಮತವಿರಲಿಲ್ಲ. ಆರ್ಥರ್ ನ್ಯೂಯಾರ್ಕಿನ ಮನೆ ಸೇರಿ ಸುಮ್ಮನಾದರು.

ಸುಮ್ಮನಾಗಲು ಇನ್ನೂ ಒಂದು ಕಾರಣವಿತ್ತು, ಅದು ನಿಮ್ಮ ಎರಡನೇ ಪ್ರಶ್ನೆ. ಇನ್ನು ಮುಂದೆ ಆರ್ಥರೇ ಅಧ್ಯಕ್ಷ ಎಂದು ಕೊಲೆಗಾರ ಸಿಕ್ಕಿಬಿದ್ದಾಗಲೇ ಹೇಳಿಕೊಂಡಿದ್ದ. ಆರ್ಥರ್ ಆದರೋ ಪಕ್ಷದೊಳಗೆ ಗಾರ್ಫೀಲ್ಡ್‌ಗೆ ಎದುರು ಬಣದವರು. ನ್ಯೂಯಾರ್ಕ್ ಬಂದರಿನ ಸುಂಕದ ಅಧಿಕಾರಿಯಾಗಿ ತಮ್ಮವರಿಗೆ ನೌಕರಿ ಹಂಚಿದ ಖ್ಯಾತಿ ಬೇರೆ. 1878ರಲ್ಲಿ ಅಧ್ಯಕ್ಷ ಹೇಯ್ಸ್ ಅವರನ್ನು ಆ ಕುರ್ಚಿಯಿಂದ ಇಳಿಸಿದ್ದರು. ಜನ ನಂಬಲಿಲ್ಲ ಗುರುಗಳೇ, ಒಂದಿಷ್ಟೂ ನಂಬಲಿಲ್ಲ.

ಸೆಪ್ಟೆಂಬರ್ 19ರ ರಾತ್ರಿ ಸಾವಿನ ಸುದ್ದಿ ಬಂತು. ಬಾಗಿಲಿಗೆ ಬಂದ ಪತ್ರಕರ್ತರಿಗೆ ಮನೆಯ ಆಳು, ಅವರು ಕೋಣೆಯಲ್ಲಿ ಒಬ್ಬರೇ ಮೇಜಿನ ಮೇಲೆ ತಲೆಯಿಟ್ಟು ಮಗುವಿನ ಹಾಗೆ ಅಳುತ್ತಿದ್ದಾರೆ, ಒಳಗೆ ಹೋಗಲು ನನಗೆ ಧೈರ್ಯವಿಲ್ಲ ಎಂದನಂತೆ. ಎರಡು ಗಂಟೆ ದಾಟಿದ ಮೇಲೆ ಜಡ್ಜ್ ಬ್ರೇಡಿ ಅದೇ ಮನೆಯಲ್ಲಿ ಪ್ರಮಾಣ ಮಾಡಿಸಿದರು. ಲೆಕ್ಸಿಂಗ್ಟನ್ ಅವೆನ್ಯೂ 123ನೇ ನಂಬರಿನ ಆ ಕಟ್ಟಡದಲ್ಲಿ ಈಗ ನಮ್ಮ ಬೇಳೆಕಾಳು, ಮಸಾಲೆ ಸಾಮಾನು ಮಾರುವ ಅಂಗಡಿಯಿದೆ.

ಆಗ ಸೆನೆಟ್‌ಗೆ ಹಂಗಾಮಿ ಸಭಾಪತಿ ಇರಲಿಲ್ಲ, ಕೆಳಮನೆಗೆ ಸ್ಪೀಕರ್ ಇರಲಿಲ್ಲ. ಉಪಾಧ್ಯಕ್ಷನ ನಂತರದ ಸರದಿ ಆ ಇಬ್ಬರದು. ವಾಷಿಂಗ್ಟನ್‌ಗೆ ಹೋಗುವ ದಾರಿಯಲ್ಲಿ ಆರ್ಥರ್‌ಗೆ ಏನಾದರೂ ಆದರೆ ಮುಂದೆ ಯಾರು? ಹಂಗಾಮಿ ಸಭಾಪತಿಯನ್ನು ಆರಿಸಲೆಂದು ಸೆನೆಟ್ ಸಭೆ ಕರೆಯುವ ಆದೇಶ ಬರೆದು, ಲಕೋಟೆಯಲ್ಲಿಟ್ಟು, ಶ್ವೇತಭವನದ ವಿಳಾಸಕ್ಕೆ ತಾವೇ ಅಂಚೆಗೆ ಹಾಕಿದರು. ಕ್ಷೇಮವಾಗಿ ತಲುಪಿದ ಮೇಲೆ ಅದನ್ನು ಹರಿದುಹಾಕಿದ್ದಾಯಿತು.

ನೌಕರಿ ಹಂಚಿಯೇ ಬೆಳೆದ ಅದೇ ಮನುಷ್ಯ 1883ರ ಜನವರಿಯಲ್ಲಿ ಪೆಂಡಲ್ಟನ್ ಕಾಯ್ದೆಗೆ ಸಹಿ ಹಾಕಿದರು. ಸರ್ಕಾರಿ ನೌಕರಿ ಪರೀಕ್ಷೆ ಬರೆದವರಿಗೆ, ಶಿಫಾರಸು ತಂದವರಿಗಲ್ಲ ಎಂಬ ಕಾನೂನು ಅದು. ಆರಂಭದಲ್ಲಿ ಕೆಲವೇ ಹುದ್ದೆಗಳಿಗೆ ಅನ್ವಯಿಸಿತು. ಬದಲಾದದ್ದು ಯಾಕೆ ಎಂಬುದಕ್ಕೆ ಒಂದೇ ಕಾರಣ ಹೇಳಲು ನಾನು ತಯಾರಿಲ್ಲ. ಗಾರ್ಫೀಲ್ಡ್ ಸಾವಿನ ನಂತರ ಜನರ ಒತ್ತಡವೂ ಜೋರಾಗಿತ್ತು. ಆದರೆ ಪತ್ರ ಬರೆಯುವ ನಿಮಗೆ ಇದನ್ನು ಹೇಳದಿರಲಾರೆ. ಗಾರ್ಫೀಲ್ಡ್ ಇನ್ನೂ ಬದುಕಿದ್ದಾಗ, 1881ರ ಆಗಸ್ಟ್ ಕೊನೆಯಲ್ಲಿ, ಜೂಲಿಯಾ ಸ್ಯಾಂಡ್ ಎಂಬ ಕಾಯಿಲೆಯ ಹೆಣ್ಣುಮಗಳು ಆರ್ಥರ್‌ಗೆ ಒಂದು ಕಾಗದ ಬರೆದಳು. ಮುಖ ನೋಡಿದವಳಲ್ಲ, ಪರಿಚಯವಿಲ್ಲ. ಜನ ಅಳುತ್ತಿರುವುದು ಅವರು ಸಾಯುತ್ತಿದ್ದಾರೆ ಎಂದಲ್ಲ, ಅವರ ಜಾಗಕ್ಕೆ ನೀವು ಬರುತ್ತೀರಿ ಎಂದು. ಈಗಲಾದರೂ ತಿದ್ದಿಕೊಳ್ಳಿ ಎಂಬ ಅರ್ಥದಲ್ಲಿ ಮುಖಕ್ಕೆ ಹೊಡೆದಂತೆ ಬರೆದಿದ್ದಳು. ಮತ್ತೆ ಮತ್ತೆ ಬರೆದಳು. ಮರುವರ್ಷ ಆಗಸ್ಟ್‌ನ ಒಂದು ದಿನ ಹೇಳದೆ ಕೇಳದೆ ಅಧ್ಯಕ್ಷರೇ ಆಕೆಯ ಮನೆಗೆ ಬಂದರು.

ಸಾಯುವ ಮುಂಚೆ ಆರ್ಥರ್ ತಮ್ಮ ಕಾಗದಪತ್ರಗಳಲ್ಲಿ ಬಹುಪಾಲನ್ನು ಸುಡಿಸಿದರು. ಆಕೆಯ 23 ಪತ್ರಗಳು ಉಳಿದಿವೆ.

— ಸಂ.