ಈ ಶನಿವಾರದ ಆರ್ಸೆನಲ್ ಪಂದ್ಯಕ್ಕೆ ನನ್ನ ಫ್ಯಾಂಟಸಿ ತಂಡದಲ್ಲಿ ಯಾವ ಮೂವರನ್ನು ಇಟ್ಟುಕೊಳ್ಳಲಿ?

ನೀವು ಬರೆದದ್ದು ಇಷ್ಟು: ಧಾರವಾಡದ ಹಾಸ್ಟೆಲ್‌ನಲ್ಲಿ ಗೆಳೆಯರೆಲ್ಲ ಸೇರಿ ಇಂಗ್ಲೆಂಡಿನ ಫುಟ್‌ಬಾಲ್ ಲೀಗಿನ ಫ್ಯಾಂಟಸಿ ಆಟವಾದ ಫ್ಯಾಂಟಸಿ ಪ್ರೀಮಿಯರ್ ಲೀಗ್ ಆಡಾಕ ಶುರು ಮಾಡೀರಿ, ಇಲ್ಲಿತನಕ ಕ್ರಿಕೆಟ್ ಫ್ಯಾಂಟಸಿ ಮಾತ್ರ ಗೊತ್ತು, ಈ ಶನಿವಾರ ಆರ್ಸೆನಲ್ ತನ್ನ ಎಮಿರೇಟ್ಸ್ ಮೈದಾನದಲ್ಲಿ ಪಟ್ಟಿಯ ಕೆಳಗಿರುವ ತಂಡವೊಂದರ ಜೊತೆ ಆಡುತ್ತದೆ. ಒಂದು ಕ್ಲಬ್ಬಿನಿಂದ ಹೆಚ್ಚೆಂದರೆ ಮೂವರು ಅಂತ ನಿಯಮ. ಆ ಮೂವರು ಯಾರು?

ಉತ್ತರ ಮೊದಲೇ ಹೇಳಿಬಿಡ್ತೀನ್ರಿ. ಹಿಂದಿನಿಂದ ಇಬ್ಬರು, ಮುಂದಿನಿಂದ ಒಬ್ಬ. ಆರ್ಸೆನಲ್ ದೊಡ್ಡ ತಂಡ, ಎದುರಾಳಿ ಸಣ್ಣದು, ಹಂಗಾಗಿ ಗೋಲು ಹೊಡೆಯುವ ಮೂವರನ್ನು ತುಂಬಿಕೊಳ್ಳೋಣ ಅಂತ ಎಲ್ಲರಿಗೂ ಅನಿಸುತ್ತದೆ. ಈ ತಂಡದ ವಿಷಯದಲ್ಲಿ ಆ ಲೆಕ್ಕ ಕೂಡುವುದಿಲ್ಲ. ಕೋಚ್ ಅರ್ಟೆಟಾ ಕಟ್ಟಿದ ತಂಡದಲ್ಲಿ ಗೋಲುಗಳು ಆರೇಳು ಮಂದಿಗೆ ಹಂಚಿಹೋಗುತ್ತವೆ, ಆದರೆ ಗೋಲು ಬಿಟ್ಟುಕೊಡದ ಗುಣ ಇಡೀ ಡಿಫೆನ್ಸಿಗೆ ಒಟ್ಟಿಗೆ ಪಾಯಿಂಟು ತರುತ್ತದೆ. 2023-24ರಲ್ಲಿ 38 ಪಂದ್ಯಗಳಲ್ಲಿ ಅವರು ಬಿಟ್ಟುಕೊಟ್ಟದ್ದು 29 ಗೋಲು, 2024-25ರಲ್ಲಿ 34. ಎರಡೂ ವರ್ಷ ಇಡೀ ಲೀಗಿನಲ್ಲಿ ಅದೇ ಅತಿ ಕಡಿಮೆ. ಗೋಲ್‌ಕೀಪರ್ ಡೇವಿಡ್ ರಾಯಾ ಮೊದಲನೇ ವರ್ಷ 16 ಕ್ಲೀನ್ ಶೀಟಿನೊಂದಿಗೆ, ಅಂದರೆ ಒಂದೂ ಗೋಲು ಬಿಡದ 16 ಪಂದ್ಯಗಳೊಂದಿಗೆ, ಅತಿ ಹೆಚ್ಚು ಕ್ಲೀನ್ ಶೀಟಿನ ಗೋಲ್‌ಕೀಪರಿಗೆ ಸಿಗುವ ಗೋಲ್ಡನ್ ಗ್ಲೋವ್ ಗೆದ್ದರು. ಮರುವರ್ಷ 13 ಕ್ಲೀನ್ ಶೀಟಿನೊಂದಿಗೆ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನ ಮ್ಯಾಟ್ಸ್ ಸೆಲ್ಸ್ ಜೊತೆ ಹಂಚಿಕೊಂಡರು.

ಪಾಯಿಂಟಿನ ಲೆಕ್ಕ ನೋಡ್ರಿ. ಫಾರ್ವರ್ಡ್ ಒಂದು ಗೋಲು ಹೊಡೆದರೆ 4, ಮಿಡ್‌ಫೀಲ್ಡರ್ ಹೊಡೆದರೆ 5, ಡಿಫೆಂಡರ್ ಹೊಡೆದರೆ 6. ಡಿಫೆಂಡರ್ ಮತ್ತು ಗೋಲ್‌ಕೀಪರಿಗೆ ಕ್ಲೀನ್ ಶೀಟಿಗೆ 4, ಮಿಡ್‌ಫೀಲ್ಡರಿಗೆ 1, ಫಾರ್ವರ್ಡಿಗೆ ಏನೂ ಇಲ್ಲ. ಅಸಿಸ್ಟ್, ಅಂದರೆ ಗೋಲಿಗೆ ಚೆಂಡು ಒದಗಿಸಿದ್ದು, ಯಾರದ್ದಾದರೂ 3. 60 ನಿಮಿಷ ಆಡಿದವನಿಗೆ 2, ಅದಕ್ಕಿಂತ ಕಡಿಮೆ ಆಡಿದವನಿಗೆ 1. ಅಂದರೆ ಆರ್ಸೆನಲ್ ಗೋಲು ಬಿಡದೆ ಗೆದ್ದ ದಿನ ಅದರ ಡಿಫೆಂಡರ್ ಸುಮ್ಮನೆ ನಿಂತು ಆಡಿದರೂ 6 ಪಾಯಿಂಟು. ಫಾರ್ವರ್ಡ್ ಅಷ್ಟು ತರಬೇಕಾದರೆ ಒಂದು ಗೋಲು ಹೊಡೆಯಲೇಬೇಕು.

ಇನ್ನೊಂದು ಕಾರಣ ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಹೊಡೆಯುವ ಕಿಕ್. ಇಲ್ಲಿ ಸ್ವಲ್ಪ ನಿಲ್ತೀನಿ, ಯಾಕಂದರೆ ನಿಮ್ಮ ಶನಿವಾರದ ಪಂದ್ಯಕ್ಕೆ ಇದೇ ಮುಖ್ಯ. ಕೆಳಗಿನ ತಂಡ ಎಮಿರೇಟ್ಸ್‌ಗೆ ಬಂದರೆ ಹನ್ನೊಂದೂ ಜನ ತಮ್ಮ ಪೆನಾಲ್ಟಿ ಬಾಕ್ಸಿನ ಸುತ್ತ ಗೋಡೆ ಕಟ್ಟಿ ನಿಲ್ಲುತ್ತಾರೆ. ನಡುವೆ ನುಗ್ಗಲು ಜಾಗ ಇರುವುದಿಲ್ಲ. ಆರ್ಸೆನಲ್ ಬದಿಯಿಂದ ಒತ್ತುತ್ತಾ ಹೋಗುತ್ತದೆ, ಬದಿಯಿಂದ ಬಾಕ್ಸಿನೊಳಗೆ ಹೊಡೆದ ಕ್ರಾಸು ಯಾರದೋ ಕಾಲಿಗೆ ತಾಗಿ ಹೊರಗೆ ಹೋಗುತ್ತದೆ, ಕಾರ್ನರ್ ಸಿಗುತ್ತದೆ. ಗೋಡೆ ಗಟ್ಟಿಯಾದಷ್ಟೂ ಕಾರ್ನರ್ ಹೆಚ್ಚು. ಬಲಗಡೆಯಿಂದ ಎಡಗಾಲಿನ ಸಾಕಾ, ಎಡಗಡೆಯಿಂದ ಬಲಗಾಲಿನ ರೈಸ್ ಹೊಡೆದರೆ ಎರಡೂ ಕಡೆಯ ಚೆಂಡು ಗೋಲಿನ ಕಡೆಗೇ ತಿರುಗಿ ಬರುತ್ತದೆ. ಎದುರಾಳಿ ಗೋಲ್‌ಕೀಪರಿನ ಮುಂದೆ ಇಬ್ಬರು ಮೂವರು ಅಡ್ಡ ನಿಂತು ಅವನನ್ನು ಕದಲಲು ಬಿಡುವುದಿಲ್ಲ, ಅಷ್ಟರಲ್ಲಿ ಡಿಫೆಂಡರ್ ಗೇಬ್ರಿಯಲ್ ಓಡಿ ಬಂದು ಜಿಗಿಯುತ್ತಾನೆ. ಈ ಕೆಲಸಕ್ಕೇ ಅಂತ ನಿಕೋಲಸ್ ಜೋವರ್ ಎಂಬ ಕೋಚ್ 2021ರಲ್ಲಿ ಮ್ಯಾಂಚೆಸ್ಟರ್ ಸಿಟಿಯಿಂದ ಬಂದರು. 2023-24ರಲ್ಲಿ ಆರ್ಸೆನಲ್ ಕಾರ್ನರ್‌ನಿಂದಲೇ 16 ಗೋಲು ಹೊಡೆಯಿತು. ಅದು ಪ್ರೀಮಿಯರ್ ಲೀಗಿನ ಆಗಿನ ದಾಖಲೆಗೆ ಸರಿಸಮ.

2025-26ರ ಮೊದಲ ಎರಡು ಪಂದ್ಯ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಆಗಸ್ಟ್ 17ರಂದು ಓಲ್ಡ್ ಟ್ರಾಫರ್ಡ್‌ನಲ್ಲಿ ರೈಸ್ ಕಾರ್ನರ್ ಹೊಡೆದರು, ಮ್ಯಾಂಚೆಸ್ಟರ್ ಯುನೈಟೆಡ್‌ನ ಗೋಲ್‌ಕೀಪರ್ ಬಾಯಿಂದಿರ್‌ಗೆ ಚೆಂಡು ಸರಿಯಾಗಿ ಸಿಗಲಿಲ್ಲ, ಡಿಫೆಂಡರ್ ಕಲಾಫಿಯೊರಿ ತಲೆ ಕೊಟ್ಟರು. ಪಂದ್ಯ 1-0. ಆಗಸ್ಟ್ 23ರಂದು ಎಮಿರೇಟ್ಸ್‌ನಲ್ಲಿ ಲೀಡ್ಸ್ ವಿರುದ್ಧ 5-0. ಆ ವರ್ಷವಷ್ಟೇ ಮೇಲಿನ ಲೀಗಿಗೆ ಬಂದ ತಂಡ, ಅಂದರೆ ನೀವು ಕೇಳಿದ ಪಂದ್ಯದ ಹಾಗೇ ಇತ್ತು. ಐದರಲ್ಲಿ ಎರಡು ಗೋಲು ಡಿಫೆಂಡರ್ ಟಿಂಬರ್ ಅವರದು, ಎರಡೂ ಕಾರ್ನರ್‌ನಿಂದ ಹುಟ್ಟಿದವು. ಟಿಂಬರ್‌ಗೆ ಎರಡು ಗೋಲಿನಿಂದ 12, ಕ್ಲೀನ್ ಶೀಟಿಗೆ 4. ಬೋನಸ್ ಲೆಕ್ಕಕ್ಕೆ ಹಿಡಿಯದೆಯೇ ಇದು. ಅದೇ ಪಂದ್ಯದಲ್ಲಿ ಹೊಸದಾಗಿ ಬಂದ ಫಾರ್ವರ್ಡ್ ಗ್ಯೋಕೆರೆಸ್ ಕೂಡ ಎರಡು ಹೊಡೆದರು, ಅವರಿಗೆ ಗೋಲಿನಿಂದ ಸಿಕ್ಕದ್ದು 8.

ಹಂಗಾದರೆ ಇಬ್ಬರು ಡಿಫೆಂಡರ್ ಯಾರು? ಗಾಯವಿಲ್ಲದಿದ್ದರೆ ಮೊದಲ ಹೆಸರು ಗೇಬ್ರಿಯಲ್. ಕಾರ್ನರ್ ಬಂದಾಗ ಮೊದಲ ಗುರಿ ಅವರ ತಲೆಯೇ. ಅಷ್ಟೇ ಅಲ್ಲ, ಅರ್ಟೆಟಾ ಅವರನ್ನು ನಡುವೆ ಹೊರಗೆ ಕರೆಯುವುದು ಅಪರೂಪ. ಎರಡನೆಯವರು ಟಿಂಬರ್, ಬಲಬದಿಯಿಂದ ಮುಂದೆ ನುಗ್ಗುವ ಚಟ ಇದ್ದವರು. ಬಜೆಟ್ ಬಿಗಿಯಾಗಿದ್ದರೆ ಟಿಂಬರ್ ಬದಲು ರಾಯಾ ಇಟ್ಟುಕೊಳ್ಳಿ. ಗೋಲ್‌ಕೀಪರನ್ನು ಯಾರೂ ಅರ್ಧದಲ್ಲಿ ಬದಲಿಸುವುದಿಲ್ಲ, ಆ ನೆಮ್ಮದಿಗೂ ಬೆಲೆ ಇದೆ. ಸಲೀಬಾ ಡಿಫೆಂಡರ್ ಆಗಿ ಭಾಳ ದೊಡ್ಡವರು, ನನಗೆ ನೋಡಲು ಅವರೇ ಹೆಚ್ಚು ಇಷ್ಟ, ಆದರೆ ಗೋಲಿನ ಆಸೆ ಗೇಬ್ರಿಯಲ್‌ನಷ್ಟು ಇಟ್ಟುಕೊಳ್ಳುವ ಹಾಗಿಲ್ಲ.

2025-26ರಲ್ಲಿ ಬಂದ ನಿಯಮ ನಿಮ್ಮ ಗೆಳೆಯರು ಹೇಳಿರಬಹುದು: ದಾಳಿ ತಡೆಯುವ ಕೆಲಸಗಳು, ಅಂದರೆ ಕ್ಲಿಯರೆನ್ಸ್, ಬ್ಲಾಕ್, ಇಂಟರ್ಸೆಪ್ಷನ್, ಟ್ಯಾಕಲ್ ಎಲ್ಲ ಸೇರಿ ಒಂದು ಪಂದ್ಯದಲ್ಲಿ 10 ಆದರೆ ಡಿಫೆಂಡರಿಗೆ 2 ಪಾಯಿಂಟು. ಇದನ್ನು ನಂಬಿ ಆರ್ಸೆನಲ್ ಡಿಫೆಂಡರ್ ತಗೋಬ್ಯಾಡ್ರಿ. ಚೆಂಡು ಬಹುಪಾಲು ಹೊತ್ತು ಆರ್ಸೆನಲ್ ಕಾಲಲ್ಲೇ ಇರುವಾಗ ಅವರ ಡಿಫೆಂಡರಿಗೆ ಕ್ಲಿಯರ್ ಮಾಡಲು ಏನಿರುತ್ತದೆ? ಈ 2 ಪಾಯಿಂಟು ಸಿಗುವುದು ದಿನವಿಡೀ ದಾಳಿ ತಡೆಯುವ ತಂಡಗಳವರಿಗೆ, ಎವರ್ಟನ್‌ನ ತಾರ್ಕೋವ್ಸ್ಕಿಯಂಥವರಿಗೆ. ನಿಮ್ಮ ಐವರು ಡಿಫೆಂಡರುಗಳಲ್ಲಿ ಒಬ್ಬನನ್ನು ಆ ಸಾಲಿನಿಂದ ತರಬಹುದು.

ಒಂದೇ ತಂಡದ ಇಬ್ಬರು ಡಿಫೆಂಡರ್ ಇಟ್ಟರೆ ಒಂದು ಗೋಲಿಗೆ ಇಬ್ಬರದೂ ಹೋಗುತ್ತದಲ್ಲ ಅಂತ ಕೇಳಬಹುದು. ಹೋಗುತ್ತದೆ ಖರೆ. 2025ರ ಏಪ್ರಿಲ್ 1ರಂದು ಎಮಿರೇಟ್ಸ್‌ನಲ್ಲಿ ಫುಲ್ಹ್ಯಾಮ್ ವಿರುದ್ಧ ಆರ್ಸೆನಲ್ 2-0 ಮುಂದಿತ್ತು, 90 ನಿಮಿಷ ಮುಗಿದು ಹೆಚ್ಚುವರಿ ಸಮಯ ನಡೆದಿತ್ತು, ಆಗ ರೊಡ್ರಿಗೊ ಮುನಿಜ್ ಒಂದು ಹೊಡೆದುಬಿಟ್ಟರು. ಆರ್ಸೆನಲ್ ಪಂದ್ಯ ಗೆದ್ದಿತು, ಆದರೆ ಕೊನೆತನಕ ಮೈದಾನದಲ್ಲಿದ್ದ ಡಿಫೆಂಡರುಗಳೆಲ್ಲರ 4 ಪಾಯಿಂಟು ಆ ಒಂದು ಚೆಂಡಿಗೆ ಹೋಯಿತು. ಅಂಥ ರಾತ್ರಿಗಳು ಬರುತ್ತವೆ. ಒಂದು ಪಂದ್ಯಕ್ಕೆ ನೋಡಿದರೆ ಅಪಾಯ, ಎಂಟ್ಹತ್ತು ವಾರಕ್ಕೆ ನೋಡಿದರೆ ಲಾಭ. ಲೀಗಿನಲ್ಲೇ ಕಡಿಮೆ ಗೋಲು ಬಿಡುವ ತಂಡದ ಮೇಲೆ ಹಾಕದೆ ಇನ್ಯಾರ ಮೇಲೆ ಹಾಕುವುದು?

ಈಗ ಮುಂದಿನ ಒಬ್ಬ. ತಂಡ ಕಟ್ಟಲು ಆಟ ಕೊಡುವ ನಿಮ್ಮ 100 ಮಿಲಿಯನ್ ಪೌಂಡಿನಲ್ಲಿ ಮ್ಯಾಂಚೆಸ್ಟರ್ ಸಿಟಿಯ ಫಾರ್ವರ್ಡ್ ಹಾಲೆಂಡ್ ಈಗಾಗಲೇ ದೊಡ್ಡ ತುಂಡು ತಿಂದಿದ್ದರೆ ರೈಸ್ ತಗೊಳ್ಳಿ. ಕಾರ್ನರ್, ಫ್ರೀಕಿಕ್ ಅವರ ಕಾಲಲ್ಲಿವೆ, ಗೇಬ್ರಿಯಲ್ ಗೋಲು ಹೊಡೆದರೆ ಅಸಿಸ್ಟ್ ಇವರದಾಗುವ ಸಂಭವ ಹೆಚ್ಚು. ಹಣ ಉಳಿದಿದ್ದರೆ ಸಾಕಾ. ಅವರು ಮಿಡ್‌ಫೀಲ್ಡರ್ ಪಟ್ಟಿಯಲ್ಲಿದ್ದಾರೆ, ಹಂಗಾಗಿ ಗೋಲಿಗೆ 5, ಮೇಲೆ ಪೆನಾಲ್ಟಿಯೂ ಅವರಿಗೆ ಸಿಗಬಹುದು. ಆದರೆ ಅವರ ತೊಡೆಯ ಹಿಂಭಾಗದ ಸ್ನಾಯುವಿನ ಕಡೆ ಒಂದು ಕಣ್ಣಿರಲಿ. 2024ರ ಡಿಸೆಂಬರ್ 21ರಂದು ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಅದೇ ಸ್ನಾಯು ಹರಿದು, ಮರಳಿ ಬಂದದ್ದು ಮೇಲೆ ಹೇಳಿದ ಫುಲ್ಹ್ಯಾಮ್ ಪಂದ್ಯಕ್ಕೆ. ಬಂದ ರಾತ್ರಿಯೇ ಗೋಲು ಹೊಡೆದರು. ಅದೇ ರಾತ್ರಿ ಗೇಬ್ರಿಯಲ್ ಅದೇ ಥರದ ಗಾಯದಿಂದ ಹೊರಗೆ ಹೋದರು. ಲೀಡ್ಸ್ ಪಂದ್ಯದಲ್ಲೂ ಸಾಕಾ ಗೋಲು ಹೊಡೆದು 60 ನಿಮಿಷ ತುಂಬುವ ಮೊದಲೇ ಕುಂಟುತ್ತಾ ಹೊರಬಂದರು. 60 ತುಂಬದ್ದರಿಂದ ಆಡಿದ್ದಕ್ಕೆ 1 ಮಾತ್ರ, ಕ್ಲೀನ್ ಶೀಟಿನ 1 ಇಲ್ಲವೇ ಇಲ್ಲ. ಕೊನೆಗೆ ಪೆನಾಲ್ಟಿ ಸಿಕ್ಕಾಗ ಸಾಕಾ ಇರಲಿಲ್ಲ, ಗ್ಯೋಕೆರೆಸ್ ಹೊಡೆದರು. ಆದ್ದರಿಂದ ಸಾಕಾ ಆಡದ ವಾರ ಗ್ಯೋಕೆರೆಸ್ ಮೌಲ್ಯ ಏರುತ್ತದೆ, ಆ ವಾರ ನನ್ನ ಆಯ್ಕೆಯೂ ಬದಲಾಗುತ್ತದೆ.

ಹೆಸರಿನ ಮುಂದಿನ ಸ್ಥಾನವನ್ನೂ ನೋಡುವುದು ರೂಢಿ ಮಾಡಿಕೊಳ್ಳಿ. 2025ರ ಫೆಬ್ರವರಿಯಲ್ಲಿ ಆರ್ಸೆನಲ್‌ನ ಫಾರ್ವರ್ಡುಗಳಾದ ಹಾವರ್ಟ್ಸ್, ಜೆಸುಸ್ ಇಬ್ಬರೂ ಗಾಯಾಳು, ಮುಂದೆ ಆಡಲು ಯಾರೂ ಇರಲಿಲ್ಲ. ಲೆಸ್ಟರ್ ವಿರುದ್ಧ ಮೆರಿನೊ ಬದಲಿಯಾಗಿ ಬಂದು ಫಾರ್ವರ್ಡ್ ಜಾಗದಲ್ಲಿ ನಿಂತು ಎರಡು ಗೋಲು ಹೊಡೆದರು, ಪಂದ್ಯ 2-0. ಪಟ್ಟಿಯಲ್ಲಿ ಅವರು ಮಿಡ್‌ಫೀಲ್ಡರ್, ಹಂಗಾಗಿ ಗೋಲಿಗೆ 5ರಂತೆ 10. ಇಂಥವರು ಸಿಕ್ಕರೆ ಬಿಡಬಾರದು.

ಕ್ರಿಕೆಟ್ ಫ್ಯಾಂಟಸಿಯಿಂದ ಬಂದವರು ಎಡವುವುದು ಒಂದೇ ಕಡೆ. ಹುಬ್ಬಳ್ಳಿಯ ರಾಜನಗರದ ಮೈದಾನದಲ್ಲಿ ರಣಜಿ ನೋಡಿ ಬೆಳೆದವರು ನಾವು. ಟಾಸ್ ಆಗುತ್ತದೆ, ಹನ್ನೊಂದು ಜನ ಯಾರೆಂದು ಗೊತ್ತಾಗುತ್ತದೆ, ಆಮೇಲೆ ತಂಡ ಕಟ್ಟಿದರಾಯಿತು ಅನ್ನುವ ಅಭ್ಯಾಸ. ಇಲ್ಲಿ ಹಂಗಿಲ್ಲ. ಆಯಾ ಪಂದ್ಯದ ಹನ್ನೊಂದು ಪ್ರಕಟವಾಗುವುದು ಆಟಕ್ಕೆ 75 ನಿಮಿಷ ಮುಂಚೆ. ನಿಮ್ಮ ತಂಡದ ಗಡುವು ಮುಗಿಯುವುದು ಆ ವಾರದ ಮೊಟ್ಟಮೊದಲ ಪಂದ್ಯಕ್ಕೆ 90 ನಿಮಿಷ ಮುಂಚೆ. ಆ ಲೀಡ್ಸ್ ವಾರದಲ್ಲಿ ಮೊದಲ ಪಂದ್ಯ ಶುಕ್ರವಾರ ರಾತ್ರಿ ವೆಸ್ಟ್ ಹ್ಯಾಮ್ ಮತ್ತು ಚೆಲ್ಸಿ ನಡುವೆ ಇತ್ತು. ಗಡುವು ನಮ್ಮ ಗಡಿಯಾರದಲ್ಲಿ ಶುಕ್ರವಾರ ರಾತ್ರಿ 11ಕ್ಕೆ ಮುಗಿಯಿತು, ಆರ್ಸೆನಲ್ ಪಂದ್ಯ ಶುರುವಾದದ್ದು ಶನಿವಾರ ರಾತ್ರಿ 10ಕ್ಕೆ. ಚೆಲ್ಸಿಯ ಪಾಮರ್ ಆ ಶುಕ್ರವಾರ ಹನ್ನೊಂದರ ಪಟ್ಟಿಯಲ್ಲಿದ್ದರು, ವಾರ್ಮಪ್ ಮಾಡುವಾಗ ನೋವು ಬಂದು ಆಡಲೇ ಇಲ್ಲ. ಅವರನ್ನು ಕ್ಯಾಪ್ಟನ್ ಮಾಡಿದವರಿಗೆ ಕೈ ಹಿಡಿದದ್ದು ವೈಸ್ ಕ್ಯಾಪ್ಟನ್. ವೈಸ್ ಕ್ಯಾಪ್ಟನ್ ಜಾಗಕ್ಕೆ ಯಾವನೋ ಒಬ್ಬ ಅಂತ ಹಾಕಬೇಡಿ, ಬೇರೆ ಪಂದ್ಯದಲ್ಲಿ ಆಡುವ, ಆಡುವುದು ಖಾತ್ರಿ ಇರುವವನನ್ನು ಹಾಕಿ. ಬೆಂಚಿನ ಕ್ರಮವೂ ಹಾಗೇ. ಮೊದಲ ಬದಲಿ ಆಟಗಾರ ವಾರವಾರ ಆಡುವವನಾಗಿರಬೇಕು.

ಕ್ಯಾಪ್ಟನ್ ಯಾರು ಅಂತ ನೀವು ಕೇಳಿಲ್ಲ, ಆದರೂ ಹೇಳ್ತೀನಿ. ಡಿಫೆಂಡರನ್ನು ಮಾಡಬೇಡಿ. ಕ್ಯಾಪ್ಟನ್ ಪಾಯಿಂಟು ಎರಡು ಪಟ್ಟಾಗುತ್ತದೆ, ಎರಡು ಮೂರು ಗೋಲು ಹೊಡೆಯಬಲ್ಲವನಿಗೇ ಆ ಜಾಗ. ಮ್ಯಾಂಚೆಸ್ಟರ್ ಸಿಟಿಗೂ ತವರಿನ ಸುಲಭ ಪಂದ್ಯವಿದ್ದರೆ ಹಾಲೆಂಡ್, ಇಲ್ಲದಿದ್ದರೆ ಸಾಕಾ.

ವಾರದ ನಡುವೆ ಯುರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ಪಂದ್ಯ ಇದೆಯೇ ಅಂತ ಮೊದಲು ನೋಡಿ. ಬುಧವಾರ ರಾತ್ರಿ ಪೂರ್ತಿ ಆಡಿದ ವಿಂಗರನ್ನು, ಅಂದರೆ ಬದಿಯಿಂದ ದಾಳಿ ಮಾಡುವ ಸಾಕಾನಂಥವರನ್ನು, ಶನಿವಾರ ಬೆಂಚಿನಲ್ಲಿ ಕೂರಿಸುವುದು ಸಾಮಾನ್ಯ, ಡಿಫೆಂಡರನ್ನು ಅಷ್ಟಾಗಿ ಕೂರಿಸುವುದಿಲ್ಲ. ನನ್ನ ಇಬ್ಬರು ಡಿಫೆಂಡರ್ ಲೆಕ್ಕಕ್ಕೆ ಇದೂ ಒಂದು ಬಲ. ಪಂದ್ಯಕ್ಕೆ ಮುಂಚಿನ ಅರ್ಟೆಟಾ ಪತ್ರಿಕಾಗೋಷ್ಠಿ ತಪ್ಪದೆ ಓದಿ. ಗಾಯದ ಬಗ್ಗೆ ಅವರು ಬಾಯಿ ಬಿಡುವುದು ಕಡಿಮೆ. "ನೋಡೋಣ" ಅನ್ನುವ ಧಾಟಿಯಲ್ಲಿ ಹೇಳಿದರೆ ಆ ಆಟಗಾರನನ್ನು ಆ ವಾರ ಹೊಸದಾಗಿ ತರಬೇಡಿ. ಹೆಸರಿನ ಪಕ್ಕ ಕೆಂಪು ಗುರುತು ಬಂದರೆ ತೆಗೆಯಿರಿ, ಹಳದಿ ಬಂದರೆ ಗಡುವಿನ ಹೊತ್ತಿನವರೆಗೆ ಕಾಯಿರಿ. ವಾರಕ್ಕೆ ಒಂದು ಟ್ರಾನ್ಸ್‌ಫರ್, ಅಂದರೆ ಒಬ್ಬನನ್ನು ತೆಗೆದು ಇನ್ನೊಬ್ಬನನ್ನು ತರುವುದು, ಪುಕ್ಕಟೆ, ಬಳಸದಿದ್ದರೆ 5ರವರೆಗೆ ಕೂಡಿಡಬಹುದು. ಅದರ ಮೇಲೆ ಒಂದೊಂದಕ್ಕೂ 4 ಪಾಯಿಂಟು ಕಡಿತ. ಮೂವರು ಆರ್ಸೆನಲ್‌ನವರನ್ನು ಒಂದೇ ವಾರದಲ್ಲಿ ತರಲು 8 ಪಾಯಿಂಟು ಕಳಕೊಳ್ಳುವುದು ಬೇಡ. ಈ ವಾರ ಗೇಬ್ರಿಯಲ್ ಬರಲಿ, ಉಳಿದವರು ಮುಂದಿನ ವಾರ.

ದುಡ್ಡಿನ ಮಾತು ಒಂದು. ಫ್ಯಾಂಟಸಿ ಪ್ರೀಮಿಯರ್ ಲೀಗ್ ಪುಕ್ಕಟೆ, ಹಂಗೇ ಆಡಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ತಂದು ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿದೆ. ಹಾಸ್ಟೆಲ್‌ನಲ್ಲಿ ನೂರು ಇನ್ನೂರು ಒಟ್ಟು ಮಾಡೋಣ ಅಂತ ಯಾರಾದರೂ ಅಂದರೂ ಒಪ್ಪಬೇಡಿ. ನಮ್ಮ ಹುಬ್ಬಳ್ಳಿ ಗುಂಪಿನಲ್ಲಿ ಸೀಸನ್ ಮುಗಿದ ಮೇಲೆ ಸೋತವರು ಎಲ್ಲರಿಗೂ ಗಿರ್ಮಿಟ್, ಮಿರ್ಚಿ ಕೊಡಿಸಬೇಕು, ಅಷ್ಟೇ. ಅದಕ್ಕಾಗಿ ನಡೆಯುವ ವಾದಗಳಿಗೇನೂ ಕಡಿಮೆ ಇಲ್ಲ.

ಕೊನೆಗೆ ಸಮಯ. ಇಂಗ್ಲೆಂಡಿನಲ್ಲಿ ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ತಾಸು ಹಿಂದಕ್ಕೆ, ಮಾರ್ಚ್ ಕೊನೆಯ ಭಾನುವಾರ ಮತ್ತೆ ಮುಂದಕ್ಕೆ. ಚಳಿಗಾಲದಲ್ಲಿ ವಾರದ ಮೊದಲ ಪಂದ್ಯ ಶನಿವಾರ ಅವರ ಮಧ್ಯಾಹ್ನ 12:30ಕ್ಕಿದ್ದರೆ ನಮಗೆ ಸಂಜೆ 6, ಗಡುವು 4:30. ಶುಕ್ರವಾರ ರಾತ್ರಿ ಅವರ 8ಕ್ಕೆ ಪಂದ್ಯವಿದ್ದರೆ ಗಡುವು ನಮ್ಮ ನಡುರಾತ್ರಿ 12ಕ್ಕೆ. ಬೇಸಿಗೆಯಲ್ಲಿ ಇವೆಲ್ಲ ಒಂದು ತಾಸು ಮುಂಚೆ. ಶುಕ್ರವಾರ ಪಂದ್ಯವಿದೆಯೋ ಇಲ್ಲವೋ ಅನ್ನುವುದನ್ನು ಗುರುವಾರವೇ ನೋಡಿಕೊಂಡು ಫೋನಿನಲ್ಲಿ ಅಲಾರಂ ಇಡಿ, ಗಡುವಿಗೆ ಅರ್ಧ ತಾಸು ಮುಂಚೆ ಗೇಬ್ರಿಯಲ್ ಹೆಸರಿನ ಪಕ್ಕ ಗುರುತೇನಾದರೂ ಬಂದಿದೆಯೇ ನೋಡಿ. ಬಂದಿದ್ದರೆ ಆ ಒಂದು ಟ್ರಾನ್ಸ್‌ಫರ್‌ನಲ್ಲಿ ಟಿಂಬರ್ ತನ್ನಿ.